ಎರಡು ಬೆರಳಿನಷ್ಟು ಜಾಗ

ಮೊದಲನೇ ದಿನವೇ ಅವನು ನನ್ನನ್ನು "ಸಿಸ್ಟರ್" ಅಂದ.

"ನಾನು ಸಿಸ್ಟರ್ ಅಲ್ಲ, ಡಯಾಲಿಸಿಸ್ ಟೆಕ್ನಿಷಿಯನ್," ಅಂದೆ. ಈ ವಿಷಯದಲ್ಲಿ ನನಗೆ ಮೂಗಿನ ತುದಿಯಲ್ಲೇ ಕೋಪ. ಹನ್ನೊಂದು ವರ್ಷದಿಂದ, ಕಿಡ್ನಿ ಕೈಕೊಟ್ಟವರ ರಕ್ತವನ್ನು ಮಷಿನ್ನಿಗೆ ಹಾಯಿಸಿ, ತೊಳೆಸಿ, ಮತ್ತೆ ಅವರ ಮೈಗೇ ಸೇರಿಸುತ್ತಿದ್ದೇನೆ. ಒಬ್ಬೊಬ್ಬರಿಗೂ ನಾಲ್ಕು ಗಂಟೆ, ವಾರಕ್ಕೆ ಮೂರು ಸಲ. ಇಷ್ಟು ಮಾಡಿಯೂ ನನ್ನ ಕೆಲಸದ ಹೆಸರು ಯಾರ ಬಾಯಲ್ಲೂ ಸರಿಯಾಗಿ ಬರುವುದಿಲ್ಲ.

"ಸಿಸ್ಟರ್ ಅಲ್ವಾ?" ಅವನು ಸೀಲಿಂಗ್ ನೋಡುತ್ತಾ ಯೋಚಿಸಿದ. "ಒಳ್ಳೇದಾಯ್ತು ಬಿಡಿ."

ನನಗೆ ಅರ್ಥವಾಗಲು ಎರಡು ನಿಮಿಷ ಬೇಕಾಯಿತು. ಅಷ್ಟರಲ್ಲಿ ಸೂಜಿ ಚುಚ್ಚಿಯಾಗಿತ್ತು, ಪುಣ್ಯ.

ಆಗೆಲ್ಲ ಅವನು ನನಗೆ "ನೀವು". ಈಗ ಬರೆಯಲು ಕೂತರೆ ಬಹುವಚನ ಕೈಗೆ ಬರುತ್ತಿಲ್ಲ, ಏಕವಚನದಲ್ಲೇ ಇರಲಿ.

ನಮ್ಮ ಯೂನಿಟ್ಟಿನಲ್ಲಿ ಪೇಷಂಟುಗಳನ್ನು ಅವರವರ ಕೆಲಸದಿಂದ ಕರೆಯುವುದು ರೂಢಿ. ಮೇಷ್ಟ್ರು, ಪೋಸ್ಟಮ್ಮ, ಡ್ರೈವರಣ್ಣ. ಇವನು ಬಸ್ ಸ್ಟ್ಯಾಂಡ್ ಪಕ್ಕದ ಮೂಲೆಯಲ್ಲಿ ಕೀ ಮಾಡಿಕೊಡುವವನು, ಹಾಗಾಗಿ ಬೀಗದವರು. ಮೂವತ್ತೇಳು ವಯಸ್ಸು. ಗೊತ್ತಾಗಿದ್ದ ಮದುವೆ, ಕಿಡ್ನಿ ಕೈಕೊಟ್ಟ ವರ್ಷವೇ ತಾನೂ ಕೈಕೊಟ್ಟಿತಂತೆ. ನನಗೆ ಮೂವತ್ತನಾಲ್ಕು. ನನ್ನ ತಂಗಿಗೆ ಎರಡು ಮಕ್ಕಳಾದ ಮೇಲೆ ಅಮ್ಮ ನನ್ನ ಮದುವೆಯ ಮಾತೆತ್ತುವುದನ್ನೇ ಬಿಟ್ಟಿದ್ದರು.

ಹನ್ನೆರಡು ಬೆಡ್ಡುಗಳಲ್ಲಿ ನಾಲ್ಕನೇದಕ್ಕೆ ಮಾತ್ರ ಪೂರ್ವದ ಕಿಟಕಿ. ಎಲ್ಲರಿಗೂ ಅದೇ ಬೇಕು. ನಾಲ್ಕು ಗಂಟೆ ಕೈ ಅಲ್ಲಾಡಿಸದೆ ಮಲಗುವವರಿಗೆ ಒಂದು ಮರ, ಒಂದು ರಸ್ತೆ, ಹೋಗುವ ಬರುವ ಜನ ಕಂಡರೆ ಅದೇ ದೊಡ್ಡ ಸಂಗತಿ. ಬೆಡ್ ಲಿಸ್ಟ್ ಬರೆಯುವವಳು ನಾನು. ಪೋಸ್ಟಮ್ಮ ಒಂದು ವರ್ಷದಿಂದ ಕೇಳುತ್ತಿದ್ದ ಆ ಬೆಡ್ಡನ್ನು ಬೀಗದವನಿಗೆ ಕೊಟ್ಟೆ.

"ಅವರ ಫಿಸ್ಟುಲಾ ಎಡಗೈಲಿದೆ, ಮಷಿನ್ ಆ ಕಡೆನೇ ಬರ್ಬೇಕು," ಅಂತ ಪೋಸ್ಟಮ್ಮನಿಗೆ ಕಾರಣ ಹೇಳಿದೆ. ಫಿಸ್ಟುಲಾ ಅಂದರೆ ಆಪರೇಷನ್ ಮಾಡಿ ದಪ್ಪ ಮಾಡಿದ ರಕ್ತನಾಳ, ಸೂಜಿ ಹೋಗುವುದು ಅದಕ್ಕೇ. ಎಡಗೈ ಅನ್ನುವುದು ನಿಜ, ಕಾರಣ ಶುದ್ಧ ಸುಳ್ಳು. ಮಷಿನ್ನಿಗೆ ಚಕ್ರವಿದೆ, ಯಾವ ಕಡೆ ತಳ್ಳಿದರೂ ಹೋಗುತ್ತದೆ. ನನ್ನ ಟೇಬಲ್ಲಿನಿಂದ ತಲೆ ಎತ್ತಿದರೆ ನೇರವಾಗಿ ಕಾಣುವುದು ನಾಲ್ಕನೇ ಬೆಡ್. ವಿಷಯ ಇಷ್ಟೇ.

"ಮೇಡಂ, ಬಿಪಿ ಎಷ್ಟು?"

"ನೂರೈವತ್ತು."

"ನೀವು ಹತ್ರ ಬರೋಕೆ ಮುಂಚೆ ನೂರಮೂವತ್ತಿತ್ತು."

"ಹಾಗಾದ್ರೆ ಬೇರೆಯವರನ್ನ ಕಳಿಸ್ತೀನಿ."

"ಬೇಡ. ಬಿಪಿ ಮಾತ್ರೆ ಜಾಸ್ತಿ ಮಾಡಿ."

ಇನ್ನೊಂದು ದಿನ ಕೇಳಿದ, "ಕೀ ಮಾಡೋನು ಅಂದ ತಕ್ಷಣ ಎಲ್ರೂ ಅದೇ ಹಳೇ ಜೋಕ್ ಹೇಳ್ತಾರೆ. ಹೃದಯದ ಕೀ ಮಾಡ್ಕೊಡ್ತೀರಾ ಅಂತ. ನೀವ್ಯಾಕೆ ಹೇಳ್ಲಿಲ್ಲ?"

"ನಿಮ್ಮ ಹೃದಯದ ಹಣೆಬರಹ ನಂಗೊತ್ತು. ಎರಡು ಡಯಾಲಿಸಿಸ್ ತಪ್ಪಿಸಿದ್ರೆ ಪೊಟ್ಯಾಸಿಯಂ ಏರಿ ನಿಂತೇ ಹೋಗತ್ತೆ. ಕೀ ಗೀ ಏನೂ ಕೆಲಸ ಮಾಡಲ್ಲ."

ಅವನು ನಕ್ಕ. ಬಿಸಿಲು ಅವನ ಎಡಗೈಯಿಂದ ಹತ್ತಿ ಗಲ್ಲದ ತನಕ ಬಂದಿತ್ತು. ಎಷ್ಟು ಚೆನ್ನಾಗಿ ಕಾಣುತ್ತಿದ್ದಾನೆ ಅಂದುಕೊಂಡು ನಾನು ಪರದೆ ಇನ್ನೂ ಸ್ವಲ್ಪ ಸರಿಸಿದೆ. ಹೌದು, ಸರಿಸಿದವಳು ನಾನೇ.

ನಾಲ್ಕನೇ ತಿಂಗಳಲ್ಲಿ ಎಡಗೈಯ ಹಿಂಭಾಗದಲ್ಲಿ ಬಟಾಣಿ ಗಾತ್ರದ ಒಂದು ಬೊಬ್ಬೆ ಎದ್ದಿತು.

"ಬೊಬ್ಬೆ ಬಂದಿದೆ, ಆದ್ರೂ ನಾನು ಬೊಬ್ಬೆ ಹೊಡೀತಿಲ್ಲ ನೋಡಿ," ಅಂದ.

ಅವತ್ತು ನಕ್ಕೆವು. ಮುಂದಿನ ವಾರಕ್ಕೆ ಮೂರಾದವು. ಅದರ ಮುಂದಿನ ವಾರ ಏಳು. ಒಡೆದ ಕಡೆ ಚರ್ಮ ಹಾಲಿನ ಕೆನೆಯ ಹಾಗೆ ಸರಿದು ಕೆಂಪಗಾಯಿತು. ಕೀಗೆ ಅರ ಉಜ್ಜಲು ಹೋದರೆ ಬೆರಳ ಸಂದಿ ಹರಿಯುತ್ತಿತ್ತು. ಅಂಗಡಿಗೆ ಬಂದ ಒಬ್ಬ ಹೆಂಗಸು ಅವನು ಕೊಟ್ಟ ಕೀಯನ್ನು ಕರ್ಚೀಫಿನಲ್ಲಿ ಹಿಡಿದುಕೊಂಡರಂತೆ. ಅದನ್ನೂ ನಗುತ್ತಲೇ ಹೇಳಿದ, ಆದರೆ ಆಮೇಲೆ ಆ ಕೈಯನ್ನು ಬೆಡ್‌ಶೀಟಿನ ಕೆಳಗೆ ಇಟ್ಟುಕೊಳ್ಳಲು ನೋಡಿದ. ಸೂಜಿ ಇರುವ ಕೈಯನ್ನು ಮುಚ್ಚುವ ಹಾಗಿಲ್ಲ. ನಾನೇ ಶೀಟ್ ತೆಗೆದು, ಕೈಯನ್ನು ಮತ್ತೆ ಬಿಸಿಲಿಗಿಟ್ಟೆ.

ನನ್ನ ಅನುಮಾನ ಪೂರ್ತಿ ಟೇಪಿನ ಮೇಲಿತ್ತು. ರಕ್ತದ ಪೈಪು ಎಳೆಯದಿರಲೆಂದು ಅದನ್ನು ಕೈಯ ಹಿಂಭಾಗಕ್ಕೆ ಟೇಪ್ ಹಾಕಿ ಅಂಟಿಸುತ್ತಿದ್ದೆ. ಅಂಟು ಒಗ್ಗುತ್ತಿಲ್ಲ ಅಂದುಕೊಂಡು ನಾಲ್ಕು ಥರದ ಟೇಪ್ ಬದಲಾಯಿಸಿದೆ. ಗ್ಲೌಸ್ ಬದಲಾಯಿಸಿದೆ, ಸ್ಪಿರಿಟ್ ಬದಲಾಯಿಸಿದೆ. ಬೆಡ್ ಒಂದನ್ನು ಬಿಟ್ಟು ಎಲ್ಲವನ್ನೂ ಬದಲಾಯಿಸಿದೆ.

ಬೊಬ್ಬೆಗಳು ಮಣಿಕಟ್ಟು ದಾಟಿ ಮೇಲಕ್ಕೆ ಹತ್ತಿದವು. ಅಲ್ಲಿಂದ ಮುಂದೆ ಫಿಸ್ಟುಲಾ. ಬಲಗೈಯ ಎರಡು ಫಿಸ್ಟುಲಾ ಆಗಲೇ ಮುಚ್ಚಿಹೋಗಿದ್ದವು. ಕುತ್ತಿಗೆಗೆ ಹಾಕಿದ ಪೈಪು ಎರಡು ಸಲ ಕೀವಾಗಿ ಅವನು ಬದುಕಿದ್ದೇ ಹೆಚ್ಚು. "ಇದೇ ಕೊನೇದು, ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಳ್ಳಿ," ಅಂತ ಸರ್ಜನ್ ಹೇಳಿ ಕಳಿಸಿದ್ದರು. ಬೊಬ್ಬೆಯ ಗಾಯ ಅಲ್ಲಿಗೆ ತಲುಪಿ ಕೀವಾದರೆ ಅದನ್ನೂ ಆಪರೇಷನ್ ಮಾಡಿ ಮುಚ್ಚಬೇಕು, ಆಮೇಲೆ ಸೂಜಿ ಹಾಕಲು ಮೈಯಲ್ಲಿ ಜಾಗವೇ ಇಲ್ಲ. ಜಾಗ ಇಲ್ಲ ಅಂದರೆ ಏನು ಅಂತ ಅವನಿಗೂ ಗೊತ್ತು, ನನಗೂ ಗೊತ್ತು.

ಪ್ರತಿ ಸಲ ಸೂಜಿಗೆ ಮುಂಚೆ ಫಿಸ್ಟುಲಾದ ಮೇಲೆ ಬೆರಳಿಡಬೇಕು. ಒಳಗೆ ರಕ್ತ ಓಡುವುದು ಗ್ಲೌಸಿನ ಮೂಲಕವೂ ಜುಮ್ ಅನ್ನುತ್ತದೆ. ಅದನ್ನು ನೋಡಿ, ಗಾಯಕ್ಕೂ ಅದಕ್ಕೂ ಎಷ್ಟು ದೂರ ಅಂತ ಬೆರಳಲ್ಲಿ ಅಳೆಯುತ್ತಿದ್ದೆ. ಮೊದಲು ಐದು ಬೆರಳು. ಆಮೇಲೆ ನಾಲ್ಕು. ಮೂರು ಆದ ದಿನ ನಾನು ಕಿಡ್ನಿ ಡಾಕ್ಟರ ಕೋಣೆಗೆ ಹೋಗಿ, ಚರ್ಮದ ಡಾಕ್ಟರನ್ನು ಇಲ್ಲಿಗೇ ಕರೆಸಿ ಅಂತ ಹೆಚ್ಚುಕಮ್ಮಿ ಜಗಳವಾಡಿದೆ.

ಅವರು ಬಂದದ್ದು ಬೆಳಿಗ್ಗೆ ಎಂಟೂವರೆಗೆ. ವಯಸ್ಸಾದವರು, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದರು. ಅವನ ಕೈ ನೋಡಿದರು, ಕಿಟಕಿ ನೋಡಿದರು, ಮತ್ತೆ ಕೈ ನೋಡಿದರು. ಆಮೇಲೆ ನಾನು ಹಾಕಿದ್ದ ಟೇಪನ್ನು ನಿಧಾನವಾಗಿ ಎತ್ತಿದರು.

"ಇಲ್ಲಿ ನೋಡಿ ಅಮ್ಮ. ಟೇಪ್ ಕೆಳಗೆ ಚರ್ಮ ಎಷ್ಟು ಚೆನ್ನಾಗಿದೆ. ಸುತ್ತ ಎಲ್ಲ ಹೋಗಿದೆ."

ನಿಜ. ಟೇಪಿನ ಅಗಲಕ್ಕೆ ಒಂದು ಪಟ್ಟಿ ಮಾತ್ರ ಹಾಗೇ ಉಳಿದಿತ್ತು. ಅಷ್ಟು ದಿನ ಅದನ್ನು ಕಿತ್ತು ಹಾಕುತ್ತಿದ್ದ ನನಗೆ ಕಾಣಲೇ ಇಲ್ಲ.

"ಬೆಳಕು ಬಿದ್ದ ಕಡೆ ಮಾತ್ರ ಬೊಬ್ಬೆ," ಅಂದರು. "ವರ್ಷಗಟ್ಟಲೆ ಡಯಾಲಿಸಿಸ್ ಮಾಡಿಸ್ಕೊಳ್ಳೋರಲ್ಲಿ ಕೆಲವ್ರಿಗೆ ಹೀಗಾಗತ್ತೆ. ಚರ್ಮ ಬೆಳಕನ್ನ ತಾಳಲ್ಲ. ಗಾಜು ಇದನ್ನ ತಡೆಯಲ್ಲ. ಈ ಬೆಡ್ಡಲ್ಲಿ ಎಷ್ಟು ದಿನದಿಂದ ಮಲಗಿಸ್ತಿದ್ದೀರಿ?"

"ಐದು ತಿಂಗಳು," ಅಂದೆ.

ಅವರು ಅವನ ಕಡೆ ತಿರುಗಿದರು. "ನೋವಿನ ಮಾತ್ರೆ ಏನಾದ್ರೂ ತಗೋತೀರಾ? ಕೆಲವು ಮಾತ್ರೆ ಇದನ್ನ ಎಬ್ಬಿಸತ್ತೆ. ಅದನ್ನ ನಿಲ್ಲಿಸದೆ ಏನ್ ಮಾಡಿದ್ರೂ ವಾಸಿ ಆಗಲ್ಲ."

ಅವನು ನನ್ನನ್ನೊಮ್ಮೆ ನೋಡಿ, "ಇಲ್ಲ ಡಾಕ್ಟ್ರೇ," ಅಂದ.

ಇಂಥದೇ ಇನ್ನೊಂದು ಕಾಯಿಲೆ ಇದೆ, ಅದು ಅಲ್ಲ ಅಂತ ಖಚಿತ ಮಾಡಿಕೊಳ್ಳಲು ರಕ್ತ ಕಳಿಸಿದರು. ಬೊಬ್ಬೆ ಒಡೆಯಬಾರದು, ದಿನಾ ತೊಳೆದು ಡ್ರೆಸಿಂಗ್, ಹೊರಗೆ ಹೋದರೆ ದಪ್ಪ ಬಟ್ಟೆಯ ಕೈಗವಸು. ನೀರಿಗೆ ಹಾಕಿ ಕುಡಿಯುವ, ಕಫ ಕರಗಿಸುವ ಮಾತ್ರೆಯೊಂದು ಕೆಲವರಿಗೆ ಇದರಲ್ಲೂ ಕೇಳುತ್ತದಂತೆ, ಅದನ್ನು ಬರೆದುಕೊಟ್ಟರು. "ತಿಂಗಳುಗಟ್ಟಲೆ ಹಿಡಿಯತ್ತೆ. ಎಲ್ರಿಗೂ ಕೇಳತ್ತೆ ಅಂತ ನಾನು ಹೇಳಲ್ಲ," ಅಂದು ಹೋದರು.

ಅವತ್ತು ನಾನು ಸ್ಟೋರ್ ರೂಮಿನಲ್ಲಿ ಸಲೈನ್ ಡಬ್ಬಗಳ ನಡುವೆ ನಿಂತು ಅತ್ತೆ. ಕಣ್ಣಿಗೆ ಕಾಣಲಿ ಅಂತ ಅವನನ್ನು ಬೆಳಕಿಗಿಟ್ಟವಳು ನಾನು. ಅದೇ ಬೆಳಕು ಅವನ ಕೈ ತಿನ್ನುತ್ತಿತ್ತು.

ಒಳಕೋಣೆಯ ಒಂಬತ್ತನೇ ಬೆಡ್ಡಿಗೆ ಕಿಟಕಿಯೇ ಇಲ್ಲ. ಅಲ್ಲಿ ಡ್ಯೂಟಿ ಮಾಡುವವರು ನಾವೆಲ್ಲ ದೊಡ್ಡಣ್ಣ ಅನ್ನುವ ಹಿರಿಯ ಟೆಕ್ನಿಷಿಯನ್. ಲಿಸ್ಟಿನಲ್ಲಿ ನಾಲ್ಕು ಹೊಡೆದು ಒಂಬತ್ತು ಬರೆದೆ. ಬೆಡ್ ಬದಲಾಯಿಸಿದ್ದು ಸರಿ. ಆದರೆ ಆಮೇಲೆ ಒಂದು ಸಲವೂ ನಾನು ಆ ಕೋಣೆಗೆ ಹೋಗಲಿಲ್ಲ. ಅವನು ತೂಕ ನೋಡಿಸಲು ಬಂದಾಗ ನಾನು ರಿಜಿಸ್ಟರಿನಲ್ಲಿ ಮುಖ ಹುದುಗಿಸುತ್ತಿದ್ದೆ. "ಮೇಡಂ, ಇವತ್ತು ನನ್ನ ಬಿಪಿ ನೂರಿಪ್ಪತ್ತು, ಬೇಜಾರಾಗ್ತಿದೆ," ಅಂದ ಒಂದು ದಿನ. ನಾನು ಪೆನ್ನು ಹುಡುಕುವ ನಾಟಕ ಮಾಡಿದೆ.

ಮೂರು ವಾರ ಕಳೆಯಿತು. ದೊಡ್ಡಣ್ಣ ಶುಕ್ರವಾರ ಬಂದು ಹೇಳಿದರು, "ಬೀಗದವ್ರಿಗೆ ಕತ್ತಲಲ್ಲಿಟ್ರೂ ಹೊಸ ಬೊಬ್ಬೆ ಎದ್ದಿದೆ ಕಣಮ್ಮ. ಫಿಸ್ಟುಲಾಗೆ ಎರಡು ಬೆರಳು ಇದೆ ಅಷ್ಟೆ."

ಸೋಮವಾರ ಅವನು ಬರಲಿಲ್ಲ. ಫೋನ್ ಸ್ವಿಚ್ ಆಫ್. ಬುಧವಾರ ಬೆಳಿಗ್ಗೆ ಆರೂವರೆಗೆ ಒಂಬತ್ತನೇ ಬೆಡ್ಡಿನ ಶೀಟ್ ಮಡಿಕೆ ಬಿಚ್ಚದೆ ಇತ್ತು. ಏಳಾಯಿತು. ಐದು ದಿನ ಡಯಾಲಿಸಿಸ್ ಇಲ್ಲ ಅಂದರೆ ಆ ಹೊತ್ತಿಗೆ ರಕ್ತದಲ್ಲಿ ಏನೇನು ಏರಿರುತ್ತದೆ ಅಂತ ಲೆಕ್ಕ ಹಾಕುವುದು ನನ್ನ ಕೆಲಸ. ಲೆಕ್ಕ ಹಾಕಿದೆ. ಗ್ಲೌಸ್ ಕಳಚಿ ಎದ್ದೆ.

"ದೊಡ್ಡಣ್ಣ, ನನ್ನ ಬೆಡ್ಡುಗಳನ್ನ ನೋಡ್ಕೊಳ್ಳಿ."

"ಹೋಗಮ್ಮ," ಅಂದರು. ಎಲ್ಲಿಗೆ ಅಂತ ಕೇಳಲಿಲ್ಲ.

ಅಂಗಡಿಯ ಶಟರ್ ಇಳಿದಿತ್ತು. ಹಿಂದೆಯೇ ಅವನ ಮನೆ, ಬಾಗಿಲು ಬಡಿದೆ. ಅವನ ಅಕ್ಕ ತೆಗೆದರು. ಅತ್ತು ಅತ್ತು ಕಣ್ಣು ಊದಿತ್ತು. ನನ್ನ ಯೂನಿಫಾರ್ಮನ್ನು ಮೇಲಿಂದ ಕೆಳಗೆ ನೋಡಿದರು.

"ನಾಲ್ಕನೇ ಬೆಡ್ಡಿನ ಟೆಕ್ನಿಷಿಯನ್ ನೀವೇನಾ?"

"ಹೌದು."

"ಮನೆಗೆ ಬಂದ್ರೆ ಬರೀ ಆ ಬೆಡ್ಡಿನ ಮಾತು. ಹಾಸಿಗೆ ಹಾಗಿದೆ, ದಿಂಬು ಹೀಗಿದೆ ಅಂತ. ಬೆಡ್ಡನ್ನ ಯಾರಾದ್ರೂ ಅಷ್ಟು ಹೊಗಳ್ತಾರಾ ಅಂತ ನಂಗೆ ಆವಾಗ್ಲೇ ಅನ್ನಿಸ್ತು." ಅವರು ಸೆರಗಿನಿಂದ ಮೂಗೊರೆಸಿಕೊಂಡರು. "ಯಾರ ಮಾತೂ ಕೇಳ್ತಿಲ್ಲಮ್ಮ. ಬರಲ್ಲ ಅಂತಾನೆ. ಕೈ ಹೋದ್ಮೇಲೆ ಹೇಗೂ ಸಾಯೋದೇ, ಈಗ್ಲೇ ಆಗ್ಲಿ ಅಂತಾನೆ."

ಕಿಟಕಿಗೆ ಬೆಡ್‌ಶೀಟ್ ಕಟ್ಟಿದ ಕೋಣೆ. ಗೋಡೆ ತುಂಬ ಯಾರೂ ಬಂದು ಒಯ್ಯದ ಕೀಗಳು. ಮಲಗಿದರೆ ಉಸಿರು ಕಟ್ಟುತ್ತಿತ್ತೋ ಏನೋ, ಅವನು ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿ ಕೂತಿದ್ದ. ಮುಖ ಊದಿತ್ತು, ಪಾದ ಊದಿತ್ತು. ಎಡಗೈಗೆ ಟವೆಲ್ ಸುತ್ತಿಕೊಂಡಿದ್ದ.

"ಯಾಕೆ ಬಂದ್ರಿ?"

"ಬೀಗ ಕೆಟ್ಟಿದೆ. ಎರಡು ದಿನದಿಂದ ಬಾಯಿ ಬಿಡ್ತಿಲ್ಲ."

ಅವನು ನಗಲಿಲ್ಲ. ನಡುನಡುವೆ ಉಸಿರು ತೆಗೆದುಕೊಳ್ಳುತ್ತಾ ಹೇಳಿದ, "ಬೆಳಕಿಗೆ ಅಂತ ಬೆಡ್ ಬದಲಾಯಿಸಿದ್ರಿ. ಸರಿ. ಮುಖ ಯಾಕೆ ಬದಲಾಯಿಸಿದ್ರಿ? ಆ ಹೆಂಗಸು ಕರ್ಚೀಫಲ್ಲಿ ಕೀ ತಗೊಂಡ್ರು, ಅವ್ರು ಯಾರೋ, ಬಿಡಿ. ದಿನಾ ಇಂಥ ಕೈ ನೋಡೋರು ನೀವು. ನಿಮಗೇ ಅಸಹ್ಯ ಆಯ್ತು ಅಂದ್ಮೇಲೆ..."

ನಾನು ನಾಚಿಕೆಯಿಂದ ಮುಖ ತಿರುಗಿಸಿದ್ದೆ, ಅವನು ಅದನ್ನು ಹೇಸಿಗೆ ಅಂದುಕೊಂಡಿದ್ದ. ಮೂರು ವಾರ ಅದನ್ನೇ ಮೆಲುಕು ಹಾಕುತ್ತಾ ಸಾಯಲು ಕೂತಿದ್ದ.

"ಎಡಗೈಗೋಸ್ಕರ ನಾನು ಆ ಬೆಡ್ ಕೊಡ್ಲಿಲ್ಲ," ಅಂದೆ. "ಆ ಮಷಿನ್ ಎಲ್ಲಿಗೆ ಬೇಕಾದ್ರೂ ತಳ್ಳಬಹುದು. ನನ್ನ ಟೇಬಲ್ಲಿಂದ ನೀವು ಕಾಣಿಸ್ತೀರ ಅಂತ ಕೊಟ್ಟೆ. ಪರದೆ ಸರಿಸಿದ್ದೂ ನಾನೇ. ನಿಮ್ಮ ಕೈ ಸುಟ್ಟವಳು ನಾನು. ಆ ಕೈ ನೋಡೋಕಲ್ಲ ನಂಗೆ ಆಗದೇ ಇದ್ದಿದ್ದು, ನಿಮ್ಮ ಮುಖ ನೋಡೋಕೆ." ಅಷ್ಟರಲ್ಲಿ ಅಳು ಬಂದು ಎಲ್ಲ ಕಲಸಿಹೋಯಿತು. "ಈಗ ಎದ್ದೇಳಿ. ದಮ್ಮಯ್ಯ ಅಂತೀನಿ. ಸಂಜೆ ಒಳಗೆ ಸತ್ತೇ ಹೋಗ್ತೀಯ ನೀನು."

ಅವನು ತಲೆ ಎತ್ತಿದ. "ಈಗ ಏನಂದ್ರಿ?"

"ಸತ್ತು ಹೋಗ್ತೀಯ ಅಂದೆ."

"ಅದಲ್ಲ. ನೀನು ಅಂದ್ರಿ."

ಅವನ ಊದಿದ ಮುಖದಲ್ಲಿ ಕಣ್ಣು ಮಾತ್ರ ಹಳೆಯ ನಾಲ್ಕನೇ ಬೆಡ್ಡಿನದು. ಬಲಗೈ ಚಾಚಿ ಅರಗಳಿಡುವ ಡ್ರಾಯರ್ ಎಳೆದ. ಒಳಗಿಂದ ಒಂದು ಮಾತ್ರೆಯ ಹಾಳೆ ತೆಗೆದು ನನ್ನ ಕೈಯಲ್ಲಿಟ್ಟ. ನೋವಿನ ಮಾತ್ರೆ. ಹತ್ತರಲ್ಲಿ ಎಂಟು ಖಾಲಿ.

"ಡಾಕ್ಟ್ರಿಗೆ ಇಲ್ಲ ಅಂದಿದ್ರಿ," ಅಂದೆ. ನನ್ನ ಬಾಯಿಗೆ ಮತ್ತೆ ಬಹುವಚನ ಬಂದಿತ್ತು.

"ನಾಲ್ಕನೇ ಬೆಡ್ಡಲ್ಲಿ ಎಡಗೈ ಕಿಟಕಿ ಕಡೆ. ನಿಮ್ಮ ಟೇಬಲ್ ಬಲಗಡೆ. ನಾಲ್ಕು ಗಂಟೆ ಕತ್ತು ಬಲಕ್ಕೇ ತಿರುಗಿಸ್ಕೊಂಡು ಮಲಗಿದ್ರೆ ಭುಜ ಹಿಡ್ಕೊಂಡ್ಬಿಡ್ತಿತ್ತು. ನೋವು ಅಂದ್ರೆ ನೀವು ಬೆಡ್ ಬದಲಾಯಿಸ್ತೀರ ಅಂತ ಮೆಡಿಕಲ್ ಶಾಪಲ್ಲಿ ಕೇಳಿ ತಗೊಂಡೆ. ಆ ನೋವು ಹೋಗ್ಲೇ ಇಲ್ಲ, ಮಾತ್ರೆನೂ ಬಿಡೋಕಾಗ್ಲಿಲ್ಲ. ನಿಮ್ಮೆದುರಿಗೆ ಡಾಕ್ಟ್ರಿಗೆ ಏನಂತ ಹೇಳ್ಲಿ? ಇವ್ರನ್ನ ನೋಡಿ ನೋಡಿ ಭುಜ ಉಳುಕಿದೆ ಅಂತ ಹೇಳ್ಲಾ?"

ಬಾಗಿಲಲ್ಲಿ ನಿಂತಿದ್ದ ಅಕ್ಕ ಹಣೆ ಹಣೆ ಚಚ್ಚಿಕೊಂಡರು. "ಇಬ್ರೂ ಸೇರ್ಕೊಂಡು ಒಂದು ಕೈನ ಹಾಳು ಮಾಡಿದ್ರಲ್ಲೋ. ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ ದೊಡ್ಡ ರೋಗ? ಏಳು ಮೇಲೆ."

ಅವನು ಎದ್ದ.

ಆಟೋದಲ್ಲಿ ಅಕ್ಕ ಒಂದು ಪಕ್ಕ, ನಾನು ಒಂದು ಪಕ್ಕ, ಅವನ ಕೈ ನನ್ನ ಯೂನಿಫಾರ್ಮಿನ ಕೋಟಿನೊಳಗೆ. ಆಸ್ಪತ್ರೆ ತಲುಪುವಾಗ ಅವನ ತುಟಿ ಬೂದು ಬಣ್ಣಕ್ಕೆ ತಿರುಗಿತ್ತು. ಐದರೊಳಗೆ ಇರಬೇಕಾದ ಪೊಟ್ಯಾಸಿಯಂ ಏಳು ದಾಟಿತ್ತು. ಇಸಿಜಿ ಗೆರೆ ನೋಡಿ ಕಿಡ್ನಿ ಡಾಕ್ಟರು ತಾವೇ ಇಂಜೆಕ್ಷನ್ ಎಳೆದುಕೊಂಡರು. ಫಿಸ್ಟುಲಾಗೆ ಸೂಜಿ ಹಾಕಲು ನಾನು ಗ್ಲೌಸ್ ತೊಟ್ಟೆ, ನನ್ನ ಕೈ ಗಡಗಡ ನಡುಗುತ್ತಿತ್ತು. ಹನ್ನೊಂದು ವರ್ಷದಲ್ಲಿ ಮೊದಲ ಸಲ. ದೊಡ್ಡಣ್ಣ ಸೂಜಿಯನ್ನು ನನ್ನ ಕೈಯಿಂದ ಮೆತ್ತಗೆ ತೆಗೆದುಕೊಂಡರು.

"ಇನ್ಮೇಲೆ ಇವ್ರಿಗೆ ಸೂಜಿ ನಾನು ಹಾಕ್ತೀನಿ. ನೀನು ಪಕ್ಕದಲ್ಲಿ ಕೂತ್ಕೋ."

ಐದು ಗಂಟೆ ನಡೆಯಿತು ಅವತ್ತಿನ ಡಯಾಲಿಸಿಸ್. ಮೊದಲ ಎರಡು ಗಂಟೆ ನಾನು ದೇವರ ಹತ್ತಿರ ಏನೇನು ಬೇಡಿಕೊಂಡೆನೋ, ಬರೆದರೆ ನಾಚಿಕೆಯಾಗುತ್ತದೆ. ಮೂರನೇ ಗಂಟೆಯಲ್ಲಿ ಇಸಿಜಿ ಗೆರೆ ಸರಿಯಾಯಿತು. ಅವನು ಕಣ್ಣು ಬಿಟ್ಟು, "ಬಿಪಿ ಎಷ್ಟು?" ಅಂದ. ನಾನು ಸ್ಕ್ರೀನ್ ಅವನ ಕಡೆ ತಿರುಗಿಸಿದೆ.

ಚರ್ಮದ ಡಾಕ್ಟರು ಮಾತ್ರೆಯ ಹಾಳೆ ನೋಡಿ ನಮ್ಮಿಬ್ಬರನ್ನೂ ಒಟ್ಟಿಗೆ ಬೈದರು. ರಕ್ತದ ರಿಪೋರ್ಟಿನಲ್ಲಿ ಆ ಇನ್ನೊಂದು ಕಾಯಿಲೆ ಇರಲಿಲ್ಲ. ಬೆಳಕು ಮತ್ತು ಮಾತ್ರೆ, ಎರಡೂ ನಿಂತರೆ ಚರ್ಮಕ್ಕೆ ಒಂದು ಅವಕಾಶ ಇದೆ ಅಂದರು. ಅವಕಾಶ ಅಂದರೇ ಹೊರತು ವಾಸಿ ಅನ್ನಲಿಲ್ಲ.

ಸೋಮ, ಬುಧ, ಶುಕ್ರ ನನ್ನ ಡ್ಯೂಟಿಯನ್ನು ಮಧ್ಯಾಹ್ನಕ್ಕೆ ಹಾಕಿಸಿಕೊಂಡೆ. ಬೆಳಿಗ್ಗೆ ಬರುವುದು ಮನೆಯ ಬಟ್ಟೆಯಲ್ಲಿ, ಪೇಷಂಟ್ ಕಡೆಯವರು ಕೂರುವ ಸ್ಟೂಲಿಗೆ. ನಾಲ್ಕನೇ ಬೆಡ್ ಪೋಸ್ಟಮ್ಮನಿಗೆ ಸಿಕ್ಕಿದೆ, ದಪ್ಪ ಪರದೆ ಸಮೇತ. ಕಫದ ಮಾತ್ರೆ ನೀರಿಗೆ ಹಾಕಿದರೆ ಕೊಳೆತ ಮೊಟ್ಟೆಯ ವಾಸನೆ. ದಿನಕ್ಕೆ ಇಷ್ಟೇ ನೀರು ಅಂತ ಲೆಕ್ಕ ಇರುವವನು, ಅದಕ್ಕೆ ಬೇಕಾದ ಅರ್ಧ ಲೋಟಕ್ಕಾಗಿ ಬೆಳಗಿನ ಟೀ ಬಿಟ್ಟ. ನಾನೂ ಬಿಟ್ಟೆ. "ನಿನಗೇನು ದಾಡಿ?" ಅಂದ. ಹೌದು, ಅವನೂ ಈಗ ಏಕವಚನ.

ಮೊದಲ ತಿಂಗಳು ಏನೂ ಬದಲಾಗಲಿಲ್ಲ. ಒಂದು ಗಾಯ ಕೀವಾಗುವ ಹಾಗಾಗಿ, ಜ್ವರ ಬಂದು, ಫಿಸ್ಟುಲಾ ಹೋಯಿತು ಅಂತ ಅಕ್ಕ ಕಾರಿಡಾರಿನಲ್ಲಿ ನೆಲದ ಮೇಲೆ ಕೂತುಬಿಟ್ಟರು. ಅದೂ ಕಳೆಯಿತು. ಎರಡನೇ ತಿಂಗಳ ಕೊನೆಗೆ ಹೊಸ ಬೊಬ್ಬೆ ಏಳುವುದು ನಿಂತಿತು. ಹಳೆಯವು ಬಿಳಿ ಕಲೆಯಾಗುತ್ತಿವೆ. ಕೈ ಮೊದಲಿನ ಹಾಗಾಗುವುದಿಲ್ಲ, ಅದು ನಮಗೆ ಗೊತ್ತು. ಕಿಡ್ನಿಯೂ ಮೊದಲಿನ ಹಾಗಾಗುವುದಿಲ್ಲ. ಅಮ್ಮನಿಗೆ ವಿಷಯ ಹೇಳಿದಾಗ ಅವರು, "ಎಷ್ಟು ದಿನ ಇರ್ತಾನೋ ಏನೋ," ಅಂದರು. "ಇರೋಷ್ಟು ದಿನ," ಅಂದೆ.

ಇವತ್ತು ಬೆಳಿಗ್ಗೆ ದೊಡ್ಡಣ್ಣ ಸೂಜಿ ತರಲು ಹೋದಾಗ ಅವನು ಡ್ರೆಸಿಂಗ್ ಸರಿಸಿ ಕೈ ಚಾಚಿದ. "ಅಳೆ ನೋಡೋಣ."

ಸ್ಟೂಲಿನ ಮೇಲೆ ಕೂತವಳು ನಾನು, ಟೆಕ್ನಿಷಿಯನ್ ಅಲ್ಲ. ಕೈ ತೊಳೆದು ಬಂದೆ, ಗ್ಲೌಸ್ ಇರಲಿಲ್ಲ. ಕೊನೆಯ ಗಾಯದ ಅಂಚಿಗೆ ಒಂದು ಬೆರಳಿಟ್ಟೆ, ಅದರ ಪಕ್ಕ ಎರಡನೇದು. ಫಿಸ್ಟುಲಾ ಇನ್ನೂ ಆಚೆಗಿತ್ತು. ಮೂರನೇ ಬೆರಳಿಟ್ಟೆ.

"ಮೂರು," ಅಂದೆ.

"ಗ್ಲೌಸ್ ಇಲ್ದೆ ಇದ್ರೆ ಬೆರಳು ಸಣ್ಣ ಆಗತ್ತೆ. ಲೆಕ್ಕ ತಪ್ಪು. ಇನ್ನೊಂದ್ಸಲ ಅಳೆ."

ಅಳೆದೆ. ಮೂರೇ.

"ಇನ್ನೊಂದ್ಸಲ."

ಈ ಸಲ ಬೆರಳು ಎತ್ತಲಿಲ್ಲ. ಐದಾರು ತಿಂಗಳು ರಬ್ಬರಿನ ಮೂಲಕ ಕೇಳಿಸಿಕೊಂಡ ಆ ಜುಮ್ ಅನ್ನುವುದು, ಮೂರನೇ ಬೆರಳಿನ ಕೆಳಗೆ ಬೆಚ್ಚಗೆ ಓಡುತ್ತಿತ್ತು. ದೊಡ್ಡಣ್ಣ ಸೂಜಿ ಹಿಡಿದು ಬಂದು ಬಾಗಿಲಲ್ಲೇ ನಿಂತಿದ್ದರು.

"ಆಯ್ತೇನಮ್ಮ?" ಅಂದರು.

"ಇನ್ನೊಂದು ನಿಮಿಷ ದೊಡ್ಡಣ್ಣ," ಅಂದೆವು ಇಬ್ಬರೂ.